ಎರಡೂ ಎಡಗಾಲು

"ಎಲ್ಲಿ, ನಡಿ ನೋಡೋಣ," ಎಂದಳು ಅಮ್ಮ.

ಪಿಟೀಲು ನಡೆದಳು. ಎಡಗಾಲು ನೆಟ್ಟಗೆ ಹೋಯಿತು. ಬಲಗಾಲಿನ ಶೂ ಮಾತ್ರ ಮುನಿಸಿಕೊಂಡವರ ಹಾಗೆ ಮೂತಿಯನ್ನು ಆಚೆಗೆ ತಿರುಗಿಸಿಕೊಂಡಿತ್ತು. ಹೆಬ್ಬೆರಳು ಒಳಗೆ ಹಿಂಡಿ ಹೋಗಿತ್ತು.

"ಹೇಗಿದೆ?"

"ಎಡಗಾಲು ಸೂಪರ್. ಬಲಗಾಲು ಒತ್ತುತ್ತೆ."

"ಹೊಸದು ಮೊದಮೊದಲು ಹಾಗೇನೇ. ಇನ್ನೊಂದು ಸಲ ನಡಿ."

ಇನ್ನೊಂದು ಸಲ ನಡೆದರೂ ಅಷ್ಟೇ. ಪಿಟೀಲು ನೆಲದ ಮೇಲೆ ಕೂತು ಎರಡೂ ಶೂ ಬಿಚ್ಚಿ ಪಕ್ಕಪಕ್ಕದಲ್ಲಿ ಇಟ್ಟಳು. ಎರಡೂ ಒಂದೇ ಕಡೆಗೆ ಬಾಗಿದ್ದವು.

"ಅಮ್ಮಾ, ಇವೆರಡೂ ಎಡಗಾಲಿಂದು."

ಅಮ್ಮ ಬಗ್ಗಿ ನೋಡಿದಳು. ಆಮೇಲೆ ಮೇಜಿನ ಹತ್ತಿರ ಹೋಗಿ, ಕತ್ತರಿಸಿಟ್ಟಿದ್ದ ನೀಲಿ ಬಟ್ಟೆಯ ರಾಶಿಯಿಂದ ಒಂದು ತುಂಡು ಎತ್ತಿಕೊಂಡಳು. ಅದರ ಕೆಳಗಿನದನ್ನು ಎತ್ತಿಕೊಂಡಳು. ರಬ್ಬರ್ ಅಟ್ಟೆಗಳ ರಾಶಿಯನ್ನೂ ಕೆದಕಿದಳು. ಇಡೀ ಮೇಜಿನಲ್ಲಿ ಬಲಗಾಲಿನದು ಒಂದೂ ಇರಲಿಲ್ಲ. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತಳು.

ಹಿಡಿದ ಮಾತನ್ನು ಬಿಡದೆ ಕುಯ್ಯುತ್ತಲೇ ಇರುತ್ತಾಳೆಂದು ಪಿಟೀಲಿಗೆ ಮನೆಯಲ್ಲಿ ಆ ಹೆಸರು ಬಂದಿತ್ತು. ಈಗಲೂ ಅವಳು ಸುಮ್ಮನಿರಲಿಲ್ಲ.

"ಬಟ್ಟೇನ ತಿರುಗಿಸಿ ಹೊಲಿದ್ರೆ?"

"ಬಿಳಿ ಕಡೆ ಮೇಲೆ ಬರುತ್ತೆ."

"ಬಿಳಿ ಆದ್ರೆ ಏನೀಗ?"

"ಒಂದು ಕಾಲು ನೀಲಿ, ಒಂದು ಕಾಲು ಬಿಳಿ. ಯಾರು ಕೊಳ್ತಾರೆ ಪುಟ್ಟಾ?"

"ಹಾಗಾದ್ರೆ ಸೋಮವಾರಕ್ಕೆ?"

ಅಮ್ಮ ಕೈಯಲ್ಲಿದ್ದ ತುಂಡನ್ನು ರಾಶಿಗೆ ಹಾಕಿದಳು. ಇವತ್ತೇ ಭಾನುವಾರ.

ಸೋಮವಾರದ ಕತೆ ಹೀಗೆ. ಪಿಟೀಲಿನ ಅಮ್ಮನದು ಒಂದು ಬ್ಯಾಗ್ ಕಂಪನಿ ಇತ್ತು. ಪಿಟೀಲಿನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳ ಬೆನ್ನ ಮೇಲೆ ಅದೇ ಕಂಪನಿಯ ಬ್ಯಾಗು. ಹೋದ ವರ್ಷ ಅಮ್ಮ ಕಂಪನಿಯನ್ನು ಮಾರಿದಳು. ಕೊಂಡವರಿಗೆ ಇನ್ನು ಮುಂದೆ ಬ್ಯಾಗ್ ಮಾಡುವುದಿಲ್ಲ ಎಂದು ಮಾತೂ ಕೊಟ್ಟಳು. ಕೆಲವು ತಿಂಗಳು ಮನೆಯಲ್ಲಿದ್ದು, ಕಪಾಟುಗಳನ್ನೆಲ್ಲ ಎರಡೆರಡು ಸಲ ಜೋಡಿಸಿ, ಕಡೆಗೆ ಕಾರ್ ಶೆಡ್ಡಿನಿಂದ ಕಾರನ್ನು ಆಚೆ ನಿಲ್ಲಿಸಿ ಒಳಗೆ ಹೊಲಿಗೆ ಮೆಷಿನ್ ತಂದಿಟ್ಟಳು. ಮಕ್ಕಳ ಶೂ ಮಾಡುತ್ತಾಳಂತೆ.

"ಇರಲಾರದೆ ಇರುವೆ ಬಿಟ್ಕೊಂಡ್ಲು," ಎಂದಿದ್ದಳು ಅಜ್ಜಿ.

ಕ್ಲಾಸಿನಲ್ಲಿ ರೇಡಿಯೋ ಎಂಬ ಹುಡುಗ ಇನ್ನೊಂದು ಸುದ್ದಿ ಬಿತ್ತರಿಸಿದ. ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದ ಊಟದೊಳಗೆ ಇಡೀ ಶಾಲೆಗೆ ತಲುಪುತ್ತದೆ. "ಪಿಟೀಲಿನ ಅಮ್ಮ ಕಂಪನಿ ಮಾರಿದ್ದು ಲಾಸ್ ಆಗಿದ್ದಕ್ಕೆ," ಎಂದ. ಪಿಟೀಲಿಗೆ ಮೈಯೆಲ್ಲ ಉರಿಯಿತು. "ಲಾಸೂ ಇಲ್ಲ ಗೀಸೂ ಇಲ್ಲ. ಸೋಮವಾರ ಅಮ್ಮ ಮಾಡಿದ ಶೂ ಹಾಕ್ಕೊಂಡ್ ಬರ್ತೀನಿ, ನೋಡ್ತಿರು," ಎಂದುಬಿಟ್ಟಳು. ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು.

ಈಗ ಅಜ್ಜಿ ಶೆಡ್ಡಿಗೆ ಬಂದು ಎಡಗಾಲಿನ ರಾಶಿಯನ್ನು ನೋಡಿದಳು. ಅವಳು ಬೈಯುತ್ತಾಳೆಂದು ಪಿಟೀಲು ಕಾದಳು. ಅಜ್ಜಿ, "ಅಲ್ಲ ಕಣೇ, ಕಾಲು ಎರಡು ಬೇರೆ ಬೇರೆ ಅಂತ ನಿನಗೆ ಗೊತ್ತಿರ್ಲಿಲ್ವಾ?" ಎಂದಷ್ಟೇ ಕೇಳಿದಳು.

"ಗೊತ್ತಿತ್ತಮ್ಮಾ. ಕೈ ಮರೀತು," ಎಂದಳು ಅಮ್ಮ. "ಬ್ಯಾಗಲ್ಲಿ ಮೊದಲು ಒಂದೇ ಒಂದು ಸ್ಯಾಂಪಲ್ ಮಾಡ್ತೀವಿ. ಅದು ಸರಿ ಇದ್ರೆ, ಅದೇ ಅಳತೆಗೆ ಎಲ್ಲಾನೂ ಕತ್ತರಿಸಿಬಿಡ್ತೀವಿ. ಇದನ್ನೂ ಹಾಗೇ ಮಾಡ್ದೆ. ಒಂದು ಶೂ ಹೊಲಿದೆ, ಇವಳ ಎಡಗಾಲಿಗೆ ಹಾಕಿ ನೋಡ್ದೆ, ಚೆನ್ನಾಗಿ ಕೂತ್ಕೊಳ್ತು. ಕತ್ತರಿಸಿಬಿಟ್ಟೆ."

ಬ್ಯಾಗಿಗೆ ಎಡ ಬಲ ಇಲ್ಲ. ಪಿಟೀಲು ಅದನ್ನು ಇದುವರೆಗೆ ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಬ್ಯಾಗ್ ಕಂಪನಿಯನ್ನು ಕೊಂಡವರು. ಅವರ ದನಿ ದೊಡ್ಡದು, ಶೆಡ್ಡಿಗೆಲ್ಲ ಕೇಳುತ್ತಿತ್ತು. "ನೀವು ವಾಪಸ್ ಬನ್ನಿ ಮೇಡಂ. ನಿಮ್ಮ ರೂಮು ಹಾಗೇ ಇದೆ. ನೀವಿದ್ರೆ ನಮಗೆ ಧೈರ್ಯ."

"ಸಂಜೆ ಹೇಳ್ತೀನಿ ಸರ್," ಎಂದಳು ಅಮ್ಮ.

ಪಿಟೀಲಿಗೆ ಆ ರೂಮು ಗೊತ್ತು. ಅಲ್ಲಿ ಗಿರಗಿರ ತಿರುಗುವ ಕುರ್ಚಿ ಇತ್ತು. ಅದರಲ್ಲಿ ಸುತ್ತುತ್ತಾ ಅವಳು ಎಷ್ಟೋ ಸಂಜೆ ಅಮ್ಮನಿಗಾಗಿ ಕಾದಿದ್ದಳು. ಅಮ್ಮ ಹೂಂ ಅಂದರೆ ಸಾಕು, ರೇಡಿಯೋಗೆ ಶೂ ತೋರಿಸುವ ಗೋಜೇ ಇರುವುದಿಲ್ಲ. ಅಮ್ಮ ಹೂಂ ಅನ್ನಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಸಂಜೆ ಶೆಡ್ಡಿಗೆ ಹೋದಾಗ ಅಮ್ಮ ಅಳುತ್ತಿರಬಹುದು ಅನ್ನಿಸಿ ಪಿಟೀಲು ಬಾಗಿಲಲ್ಲೇ ನಿಂತಳು. ಅಮ್ಮ ಅಳುತ್ತಿರಲಿಲ್ಲ. ಬರಿಗಾಲಲ್ಲಿ ಹಳೆಯ ಪೇಪರಿನ ಮೇಲೆ ನಿಂತು, ಬಗ್ಗಿ, ತನ್ನ ಪಾದದ ಸುತ್ತ ಗೆರೆ ಎಳೆದುಕೊಳ್ಳುತ್ತಿದ್ದಳು. ಜೊತೆಗೆ ಏನೋ ಗುನುಗುತ್ತಿದ್ದಳು. ಕಂಪನಿಯ ರೂಮಿನಲ್ಲಿ ಅವಳು ಸಹಿ ಹಾಕುತ್ತಿದ್ದಳು, ಫೋನಿನಲ್ಲಿ ಮಾತಾಡುತ್ತಿದ್ದಳು. ಗುನುಗಿದ್ದನ್ನು ಪಿಟೀಲು ಒಂದು ದಿನವೂ ಕೇಳಿರಲಿಲ್ಲ.

"ಬಾ ಇಲ್ಲಿ," ಎಂದಳು ಅಮ್ಮ, ಎಡಗಾಲಿನ ಆಕಾರಕ್ಕೆ ಕತ್ತರಿಸಿದ್ದ ರಟ್ಟನ್ನು ಎತ್ತಿ ತೋರಿಸುತ್ತಾ. "ಇದನ್ನ ಬಟ್ಟೆ ಮೇಲೆ ಹೀಗಿಟ್ಟು ಕತ್ತರಿಸಿದ್ರೆ ಎಡಗಾಲು. ಮಗುಚಿ ಹಾಕಿದ್ರೆ ಬಲಗಾಲು. ಅಷ್ಟೇ. ನೋಡು, ಎಷ್ಟು ಸುಲಭ."

"ಮತ್ತೆ ಮರೆತ್ರೆ?"

"ಮರೀಬಹುದು. ಕೈಗೆ ಹಳೇ ಚಾಳಿ."

ಪಿಟೀಲು ಮಾರ್ಕರ್ ಪೆನ್ನು ತೆಗೆದುಕೊಂಡು ರಟ್ಟಿನ ಈ ಕಡೆ ಮೀನಿನ ತಲೆ ಬರೆದಳು. ಮಗುಚಿ, ಆ ಕಡೆ ಬಾಲ ಬರೆದಳು.

ಅಮ್ಮ ಅದನ್ನೇ ನೋಡಿದಳು. ಪಿಟೀಲು ನರ್ಸರಿಯಲ್ಲಿದ್ದಾಗ ಶೂ ಅದಲುಬದಲಾಗಿ ಹಾಕಿಕೊಂಡು ದಿನಾ ಎಡವಿ ಬೀಳುತ್ತಿದ್ದಳು. ಆಗ ಅಮ್ಮ ಒಂದು ಶೂವಿನೊಳಗೆ ತಲೆ, ಇನ್ನೊಂದರೊಳಗೆ ಬಾಲ ಬರೆದುಕೊಟ್ಟಿದ್ದಳು. ಸರಿಯಾಗಿ ಜೋಡಿಸಿಟ್ಟರೆ ಇಡೀ ಮೀನು.

"ತಲೆ ಎಷ್ಟೋ ಬಾಲ ಅಷ್ಟೇ ಇರ್ಬೇಕು," ಎಂದಳು ಪಿಟೀಲು. "ಎಣಿಸ್ಕೊಂಡು ಕತ್ತರಿಸು."

"ಆಯ್ತು ಟೀಚರ್," ಎಂದಳು ಅಮ್ಮ.

ಮತ್ತೆ ಫೋನ್ ಬಂದಾಗ ಅಮ್ಮನ ಎರಡೂ ಕೈಗೆ ಅಂಟು ಮೆತ್ತಿತ್ತು. ಪಿಟೀಲೇ ಫೋನನ್ನು ಅವಳ ಕಿವಿಗೆ ಹಿಡಿದಳು. "ಬರೋಕಾಗಲ್ಲ ಸರ್. ಕೈತುಂಬ ಕೆಲಸ ಇದೆ," ಎಂದಳು ಅಮ್ಮ. ತಿರುಗುವ ಕುರ್ಚಿ ಹೋಯಿತಲ್ಲ ಎಂದು ಪಿಟೀಲಿಗೆ ಬೇಜಾರಾಯಿತು. ಆದರೂ ಮಾತು ಮುಗಿಯುವವರೆಗೆ ಫೋನನ್ನು ಅಲ್ಲಾಡಿಸದೆ ಹಿಡಿದಿದ್ದಳು.

ಸೋಮವಾರ ಬೆಳಗ್ಗೆ ಬಲಗಾಲಿನ ಶೂವಿನ ಅಂಟು ಇನ್ನೂ ಒಣಗಿರಲಿಲ್ಲ. ಶಾಲೆಯ ಗೇಟಿನಲ್ಲೇ ರೇಡಿಯೋ ಕಾದಿದ್ದ. ಮೊದಲು ಅವಳ ಕಾಲು ನೋಡಿದ. "ಎಲ್ಲಿ ಶೂ? ಇದು ಹಳೇದು."

ಪಿಟೀಲು ದಾರಿಯುದ್ದಕ್ಕೂ ಹತ್ತು ಸುಳ್ಳು ಯೋಚಿಸಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

"ಆಗಿದೆ. ಆದ್ರೆ ಎಲ್ಲಾ ಎಡಗಾಲಿಂದೇ."

"ಎಲ್ಲಾನೂ?"

"ಎಲ್ಲಾನೂ. ಒಂದು ಮೇಜು ತುಂಬ."

ರೇಡಿಯೋ ಹೊಟ್ಟೆ ಹಿಡಿದುಕೊಂಡು ನಕ್ಕ. ಪಿಟೀಲಿಗೂ ನಗು ಬಂತು. ನಗು ನಿಂತ ಮೇಲೆ ಅವನು ತನ್ನ ಶೂ ಎರಡನ್ನೂ ಬಿಚ್ಚಿ, ಅಟ್ಟೆಗೆ ಅಟ್ಟೆ ಹಿಡಿದು, ಬೇರೆ ಮಾಡಿ, ಮತ್ತೆ ಹಿಡಿದು ನೋಡಿದ.

"ನಿಮ್ಮಮ್ಮ ಅಷ್ಟು ದೊಡ್ಡ ಕಂಪನಿ ನಡೆಸ್ತಿದ್ರಲ್ಲ. ಅವರಿಗೂ ತಪ್ಪುತ್ತಾ?"

"ಅದು ಬ್ಯಾಗ್. ಇದು ಶೂ," ಎಂದಳು ಪಿಟೀಲು. "ಶೂ ಮಾಡೋದ್ರಲ್ಲಿ ನಮ್ಮಮ್ಮ ಈಗಿನ್ನೂ ಒಂದನೇ ಕ್ಲಾಸು."

ರೇಡಿಯೋ ಇದನ್ನು ಮಧ್ಯಾಹ್ನದೊಳಗೆ ಶಾಲೆಗೆಲ್ಲ ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಹೇಳಲಿ ಬಿಡು ಅನ್ನಿಸಿತು. ಅವಳು ಬಗ್ಗಿ ಹಳೆಯ ಶೂವಿನ ಲೇಸನ್ನು ಬಿಗಿದು ಕಟ್ಟಿಕೊಂಡು, ಬೆಲ್ ಹೊಡೆಯುವ ಮುಂಚೆ ಕ್ಲಾಸಿನ ಕಡೆಗೆ ಓಡಿದಳು.