ಹುಲ್ಲಿನಡಿಯ ದಾರಿ

"ನಿಲ್ಲಿ! ಅಲ್ಲೇ ನಿಲ್ಲಿ... ಇನ್ನೊಂದು ಹೆಜ್ಜೆನೂ ಇಡ್ಬೇಡಿ!"

ಹಿಂದಿನಿಂದ ಬಂದ ಆ ಕೂಗಿಗೆ ಅವಳ ಎದೆ ಧಸಕ್ಕೆಂದಿತು. ಹಾಗಂತ ಹೆದರಿ ತಲೆ ತಗ್ಗಿಸುವ ಜಾತಿಯವಳಲ್ಲ ಅವಳು. ಅಪ್ಪನ ತೋಳು ಬಿಡದೆಯೇ ಗರ್ರನೆ ತಿರುಗಿದಳು.

ಹುಲ್ಲುಹಾಸಿನ ಆ ತುದಿಯಿಂದ ಒಬ್ಬ ಓಡಿಬರುತ್ತಿದ್ದ. ಕೆಸರು ಮೆತ್ತಿದ ಬೂಟು, ಮಡಚಿದ ತೋಳು, ದರ್ಜಿಯ ಹಾಗೆ ಕೊರಳಿಗೆ ಹಾಕಿಕೊಂಡ ಅಳತೆ ಟೇಪು. ನೋಡಲು ಚೆನ್ನಾಗಿದ್ದಾನೆ ಎಂದು ಕಣ್ಣು ಹೇಳಿತು. ನಿನ್ನನ್ನು ಯಾರು ಕೇಳಿದರು ಎಂದು ಅವಳು ಕಣ್ಣನ್ನೇ ಗದರಿದಳು.

"ಹುಲ್ಲು ತುಳಿದ್ವಿ ಅಂತ ತಾನೇ? ಬೈಯೋದಿದ್ರೆ ನನ್ನ ಬೈಯಿರಿ. ನಮ್ಮಪ್ಪನ ಮುಂದೆ ಹೀಗೆಲ್ಲ ಕಿರುಚ್ಬೇಡಿ!"

"ಅಯ್ಯೋ, ಹುಲ್ಲಿನ ವಿಷಯ ಅಲ್ಲ..." ಅವನು ಏದುಸಿರು ಬಿಡುತ್ತಾ ಕೇಳಿದ. "ಇಲ್ಲಿ ಯಾಕೆ ಎಡಕ್ಕೆ ತಿರುಗಿದ್ರಿ? ನೇರ ಹೋದ್ರೆ ಹೊಳೆ ಹತ್ರ ಅಲ್ವಾ?"

ಇದೆಂಥ ಪ್ರಶ್ನೆ! ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನಕ್ಕುಬಿಟ್ಟ.

"ನೇರ ಹೋದ್ರೆ ಇಳಿಜಾರು ಕಣಪ್ಪ. ನನ್ನ ಈ ನಾಲ್ಕು ಕಾಲಿನ ಕುದುರೆ ಜಾರತ್ತೆ," ಎಂದು ತನ್ನ ವಾಕರ್ ತಟ್ಟಿ ತೋರಿಸಿದ.

ಅವನು ತಟ್ಟನೆ ಮೊಣಕಾಲೂರಿ ಕೂತು, ವಾಕರ್ ಊರಿದ ಗುರುತುಗಳನ್ನೇ ದಿಟ್ಟಿಸತೊಡಗಿದ. ಕಳೆದುಹೋದ ಉಂಗುರ ಸಿಕ್ಕಿದವನ ಮುಖದಂತಿತ್ತು ಅವನ ಮುಖ.

"ನಾಳೆನೂ ಇದೇ ದಾರೀಲಿ ಬರ್ತೀರಾ?"

"ಬಂದೇ ಬರ್ತೀವಿ. ಏನ್ಮಾಡ್ತೀರೋ ಮಾಡಿ!" ಎಂದು ಅವಳು ಅಪ್ಪನನ್ನು ಕರೆದುಕೊಂಡು ಹೊರಟೇಬಿಟ್ಟಳು.

ಎಲ್ಲೋ ಒಂದು ಸಲ ತಿರುಗಿ ನೋಡಿರಬಹುದು. ನೋಡಿಲ್ಲ ಎಂದು ಅವಳು ಆಣೆ ಮಾಡುತ್ತಾಳೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಅದು ಹೊಳೆಯ ದಂಡೆಯ ಟೌನ್‌ಶಿಪ್. ಮನೆ, ಶಾಲೆ, ಅಂಗಡಿಸಾಲು, ಈಜುಕೊಳ, ಕೊನೆಗೆ ಯಾವ ಮರದ ನೆರಳು ಯಾವ ಬೆಂಚಿನ ಮೇಲೆ ಬೀಳಬೇಕು ಎನ್ನುವುದನ್ನೂ ಮೊದಲು ಕಾಗದದ ಮೇಲೆ ಬರೆದು ಆಮೇಲೆ ಕಟ್ಟಿದ್ದರು. ಅವಳು ಅಲ್ಲಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ಅವಳು 'ಈಜು ಟೀಚರ್'.

ಅಪ್ಪ ಆಯುಷ್ಯವೆಲ್ಲ ಇದೇ ಹೊಳೆಯಲ್ಲಿ ಜನರನ್ನು ದಡ ದಾಟಿಸುವ ಲಾಂಚ್ ಓಡಿಸಿದವನು. ಸೇತುವೆ ಬಂತು, ಲಾಂಚ್ ನಿಂತಿತು. ಹಿಂದೆಯೇ ಲಕ್ವ ಹೊಡೆದು ಬಲಗಾಲು ಸೋತಿತು. "ಹೊಳೆ ಕಾಣೋ ಮನೆ" ಎಂಬ ಜಾಹೀರಾತು ನಂಬಿ ಅವಳು ಇಲ್ಲಿ ಮನೆ ಹಿಡಿದರೆ, ಕಿಟಕಿ ತೆರೆದಾಗ ಕಂಡದ್ದು ಎದುರು ಬ್ಲಾಕಿನ ನೀರಿನ ಪೈಪು. ನೀರಂತೂ ನೀರೇ ಎಂದು ಅಪ್ಪ ನಕ್ಕಿದ್ದ. ಆದರೆ ಸಂಜೆಯಾದರೆ ಅವನ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

ಹೊಳೆಗೆ ಹೋಗುವ ರಸ್ತೆ ಅಂದವಾಗಿ ಬಳುಕಿಕೊಂಡು ಬ್ಲಾಕುಗಳನ್ನೆಲ್ಲ ಸುತ್ತಿ ಹೋಗುತ್ತಿತ್ತು. ಅಂದ ಯಾರಿಗೆ ಬೇಕು? ಅರ್ಧ ದಾರಿಯಲ್ಲೇ ಅಪ್ಪನಿಗೆ ಏದುಸಿರು ಹತ್ತುತ್ತಿತ್ತು. ಹಾಗಾಗಿ ಅವಳು ಮನೆಯ ಹಿಂದಿನ ಹುಲ್ಲುಹಾಸಿಗೇ ಇಳಿದಳು. ಅಡ್ಡ ಹಾಯ್ದರೆ ಹೊಳೆ ಕೂಗಳತೆಯಲ್ಲಿತ್ತು. ದಿನಾ ಸಂಜೆ ಅಪ್ಪ ದಂಡೆಯಲ್ಲಿ ಕೂತು, ನೀರಿನ ಸದ್ದು ಕೇಳಿ, "ಇವತ್ತು ಸೆಳೆತ ಜಾಸ್ತಿ ಇದೆ," ಎಂದೋ "ಸುಸ್ತಾದ ಹಾಗಿದೆ," ಎಂದೋ ಹೊಳೆಯ ಆರೋಗ್ಯ ವಿಚಾರಿಸಿಕೊಂಡು ಬರುತ್ತಿದ್ದ. ಅಪ್ಪ ಬದುಕಿದ್ದಾನೆ ಎನ್ನಿಸುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಕೂಗಿದ ಮಹಾಶಯ ಟೌನ್‌ಶಿಪ್ ಕಟ್ಟಿದ ಕಂಪನಿಯ ತೋಟದ ಎಂಜಿನಿಯರ್. ಜನರ ಬಾಯಲ್ಲಿ 'ಹುಲ್ಲು ಸಾಹೇಬ'. ಮರುದಿನವೂ ಅವನು ಅಲ್ಲೇ ಇದ್ದ. ಅದರ ಮರುದಿನವೂ! ಕೇಳುವ ಪ್ರಶ್ನೆಗಳಂತೂ ಒಂದಕ್ಕಿಂತ ಒಂದು ವಿಚಿತ್ರ.

"ಯಜಮಾನ್ರೇ, ನಿಮ್ಮ ಕುದುರೆ ಎಷ್ಟಗಲ ಇದೆ, ಒಂಚೂರು ಅಳೀಲಾ?"

ಅಪ್ಪನಿಗೋ ಖುಷಿಯೋ ಖುಷಿ. ಅವಳಿಗೆ ಮಾತ್ರ ಅನುಮಾನ. 'ಹುಲ್ಲು ಎಷ್ಟು ಹಾಳಾಯ್ತು ಅಂತ ಅಳೀತಿದಾನೋ ಏನೋ...'

ಒಂದು ಬೆಳಿಗ್ಗೆ ಈಜುಕೊಳಕ್ಕೇ ಬಂದ. ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ಅತ್ತಿಂದಿತ್ತ ಓಡಾಡಿದ.

"ಈ ಒರಟು ಕಲ್ಲಿನ ಮೇಲೆ ಮಕ್ಕಳು ಜಾರಲ್ವಾ?"

"ನಾನಿರೋವಾಗ ಇಲ್ಲಿ ಯಾರೂ ಜಾರಲ್ಲ."

ಅವನು ಅವಳನ್ನೇ ಒಂದು ಗಳಿಗೆ ನೋಡಿ, "ಹಾಗಾದ್ರೆ ಜಾರಿದ್ದು ನಾನೊಬ್ಬನೇ ಅನ್ಸುತ್ತೆ," ಎಂದವನು, ತಾನಾಡಿದ್ದಕ್ಕೆ ತಾನೇ ಗಾಬರಿಯಾಗಿ ಬೂಟು ಎತ್ತಿಕೊಂಡು ಓಡಿಹೋದ.

ಆ ದಿನವಿಡೀ ಅವಳು ಮಕ್ಕಳಿಗೆ ಬಲಗೈ ಎತ್ತಿ ಎನ್ನುವಲ್ಲಿ ಎಡಗೈ ಎತ್ತಿ ಎಂದಳು. ಟೀಚರ್‌ಗೆ ಏನೋ ಆಗಿದೆ ಎಂದು ಮಕ್ಕಳೇ ಮಾತಾಡಿಕೊಂಡವು. ಆಗಿತ್ತು, ನಿಜ! ಸಂಜೆಯ ಕೊನೆಗೆ ಅವನು ತಪ್ಪದೆ ಕೇಳುವ "ನಾಳೆನೂ ಇದೇ ದಾರೀಲಿ ಬರ್ತೀರಾ?" ಎಂಬ ಮಾತಿಗಾಗಿ ಅವಳು ಬೆಳಗಿನಿಂದಲೇ ಕಾಯತೊಡಗಿದ್ದಳು.

ಹಾಗಿರುವಾಗ ಒಂದು ಸಂಜೆ ಬಂದು ನೋಡಿದರೆ... ಅವರು ಹುಲ್ಲಿಗೆ ಇಳಿಯುವ ಜಾಗದಲ್ಲೇ ಒಂದು ಗುಂಡಿ! ಸುತ್ತ ಗೂಟ ನೆಟ್ಟು ಕೆಂಪು ಹಗ್ಗ ಬಿಗಿದಿತ್ತು. ಹುಲ್ಲು ಸಾಹೇಬನ ಸುಳಿವೇ ಇಲ್ಲ.

ಅಪ್ಪ ಹಗ್ಗವನ್ನು ಮುಟ್ಟಿ ನೋಡಿದ. "ನಡಿಯಮ್ಮ, ಮನೆಗೆ ಹೋಗೋಣ," ಎಂದಷ್ಟೇ ಹೇಳಿದ.

ಮರುದಿನ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ನಿವಾಸಿಗಳ ಸಭೆ. ಸಂಘದ ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಹೇಳಿದರು. "ಹೊಳೆ ಕಡೆ ಹುಲ್ಲುಹಾಸನ್ನ ಯಾರ್ಯಾರೋ ತುಳಿದು ಹಾಳು ಮಾಡ್ತಿದಾರೆ. ಅಡ್ಡಕ್ಕೆ ಮುಳ್ಳುಬೇಲಿ ಗಿಡ ಹಾಕಿ ಅಂತ ಕಂಪನಿಗೆ ಹೇಳಿದೀವಿ."

ಓಹೋ... ಗುಂಡಿ ಅದಕ್ಕಾ! ಅವಳು ದಿಗ್ಗನೆ ಎದ್ದಳು. ಬಾಗಿಲ ಬಳಿ ಅವನು ನಿಂತಿದ್ದ.

"ಹಗ್ಗ ಕಟ್ಟಿದ್ದು ಯಾರು? ನೀವೇನಾ?"

"ಹೌದು, ನಾನೇ."

"ಗುಂಡಿ ತೋಡಿದ್ದು?"

"ಅದೂ ನಾನೇ. ಆದ್ರೆ..."

"ಆದ್ರೆ ಗೀದ್ರೆ ಬೇಡ! ನಗ್ತಾ ನಗ್ತಾ ನಮ್ಮಪ್ಪನ ವಾಕರ್ ಅಳೆದ್ರಲ್ಲ, ಬೇಲಿ ಸಂದೀಲಿ ನುಗ್ಗದೇ ಇರ್ಲಿ ಅಂತಾನಾ? ಇನ್ಮೇಲೆ ನಿಮ್ಮ ಹುಲ್ಲಿನ ಮೇಲೆ ನಮ್ಮ ನೆರಳೂ ಬೀಳಲ್ಲ. ನೀವೇ ಮೇಯ್ಕೊಳ್ಳಿ!"

ಸಭೆ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಹೊರಗೆ ಬಂದಾಗ ಕಣ್ಣು ಮಂಜಾಗಿತ್ತು. 'ಛೆ, ಇವನಿಗಾಗಿ ಅಳ್ತಿದೀನಾ ನಾನು?'

ಹಟವೆಂದರೆ ಹಟ. ಅಂದಿನಿಂದ ಸುತ್ತುರಸ್ತೆಯೇ ಗತಿ. ಅಪ್ಪ ಮೊದಲು ಅರ್ಧ ದಾರಿಯಲ್ಲಿ ಕೂತ, ಆಮೇಲೆ ಗೇಟಿನ ಬಳಿ ಕೂತ. ಒಂದು ಸಂಜೆ ಬ್ಲಾಕಿನ ಬಾಗಿಲಲ್ಲೇ ಕೂತುಬಿಟ್ಟ.

"ಇವತ್ತು ಬೇಡ ಮಗಳೇ. ಹೊಳೆ ಎಲ್ಲಿಗೂ ಓಡಿಹೋಗಲ್ಲ."

ಎದುರಿಗೆ ಬರೀ ಗೋಡೆ. ಅಪ್ಪ ಅದನ್ನೇ ನೋಡುತ್ತಾ ಕೂತಿದ್ದ.

ಮಧ್ಯೆ ಮಳೆ ಬಂದು ಹೋಯಿತು. ಅದಾದ ಮೇಲೆ ಒಂದು ಬೆಳಿಗ್ಗೆ, ತರಗತಿ ನಡೆಯುವಾಗಲೇ ಅವನು ಈಜುಕೊಳದೊಳಕ್ಕೆ ನುಗ್ಗಿಬಂದ.

"ಮೊದಲು ಬೂಟು ಬಿಚ್ಚಿ!" ಅವಳು ಸೀಟಿ ಊದಿದಳು.

ಬಿಚ್ಚಿದ. ಬರಿಗಾಲಲ್ಲಿ ಅಪರಾಧಿಯಂತೆ ನಿಂತ. "ನಿಮ್ಮ ದಾರಿ ಮಾಯ ಆಗ್ತಿದೆ..."

"ಯಾವ ದಾರಿ?"

"ನೀವೂ ಅಪ್ಪಾಜಿನೂ ಹುಲ್ಲಿನ ಮೇಲೆ ಮಾಡಿದ್ದು. ನೋಡಿ, ನನ್ನ ಕೆಲಸದ ರೀತಿನೇ ಹಾಗೆ. ಹೊಸ ಜಾಗದಲ್ಲಿ ನಾನು ಮೊದಲು ದಾರಿ ಹಾಕಲ್ಲ. ಬರೀ ಹುಲ್ಲು ಹಾಕಿ ಕಾಯ್ತೀನಿ. ಜನ ಎಲ್ಲಿ ನಡೆದು ನಡೆದು ಹುಲ್ಲು ಸವೆಯುತ್ತೋ, ಅಲ್ಲಿ ಕಲ್ಲು ಹಾಸ್ತೀನಿ. ಆ ಗುಂಡಿ ಬೇಲಿಗಲ್ಲ, ಕಲ್ಲು ಕೂರೋಕೆ ಮಣ್ಣು ಗಟ್ಟಿ ಇದೆಯಾ ಅಂತ ನೋಡೋಕೆ. ಅಪ್ಪಾಜಿ ಅದ್ರಲ್ಲಿ ಬೀಳ್ಬಾರ್ದು ಅಂತ ಹಗ್ಗ ಕಟ್ಟಿ, ಕಲ್ಲು ಆರಿಸೋಕೆ ಹೋಗಿದ್ದೆ."

ಅವಳ ಕೈಯಲ್ಲಿದ್ದ ಸೀಟಿ ಜಾರಿ ನೀರಿಗೆ ಬಿತ್ತು.

"ಇದನ್ನ... ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ಜನ ಬೇಕಂತಲೇ ನಡೀತಾರೆ. ಆಗ ಅದು ಸುಳ್ಳು ದಾರಿ. ಅದಕ್ಕೇ ಯಾರಿಗೂ ಹೇಳಲ್ಲ. ಗುಂಡಿ ಮುಚ್ಚಿ ಹಗ್ಗ ಬಿಚ್ಚಿದ ಮೇಲೆ ನೀವಾಗೇ ಬರ್ತೀರಿ ಅಂತ ಕಾದೆ. ಬರ್ಲೇ ಇಲ್ಲ! ಮಳೆಗೆ ಹುಲ್ಲು ಮತ್ತೆ ಎದ್ದು ನಿಂತಿದೆ. ನಾಳೆ ನಮ್ಮ ಮುಖ್ಯ ಎಂಜಿನಿಯರ್ ನೋಡೋಕೆ ಬರ್ತಿದಾರೆ. ದಾರಿ ಕಂಡ್ರೆ ಕಲ್ಲು, ಕಾಣದಿದ್ರೆ ಬೇಲಿ."

ಅಯ್ಯೋ ದೇವರೇ... ಅಪ್ಪನ ಹೊಳೆಯನ್ನು ಅಪ್ಪನಿಂದ ಕಿತ್ತುಕೊಂಡದ್ದು ತನ್ನ ಹಟವೇ! ಆದರೆ ನೀರಿಗಿಳಿದ ಮೇಲೆ ಚಳಿಯೇನು ಎಂದು ಮಕ್ಕಳಿಗೆ ದಿನಾ ಹೇಳುವವಳಲ್ಲವೇ?

"ನಾಳೆ ಬರ್ಲಿ ಅವರು," ಎಂದಳು. "ನಾನು ಮಾತಾಡ್ತೀನಿ."

ಬೆಳಿಗ್ಗೆ ಹುಲ್ಲುಹಾಸು ಯಾರೂ ಮುಟ್ಟದ ಹೊಸ ಜಮಖಾನದಂತಿತ್ತು. ಮುಖ್ಯ ಎಂಜಿನಿಯರ್ ನೋಡಿದರು, ತಲೆಯಾಡಿಸಿದರು.

"ಎಲ್ಲಿದೆ ದಾರಿ? ಏನೂ ಕಾಣ್ತಿಲ್ವಲ್ಲ."

ಅಧ್ಯಕ್ಷೆ ಗೆದ್ದವರಂತೆ ನಕ್ಕರು. ಹುಲ್ಲು ಸಾಹೇಬನ ಮುಖ ಬಾಡಿತು. ಆದರೆ ಅವಳು ಚಪ್ಪಲಿ ಬಿಟ್ಟು ಹುಲ್ಲಿಗಿಳಿದಳು. ದಿನವಿಡೀ ಬರಿಗಾಲಲ್ಲಿರುವವಳು, ನೆಲದ ಮಾತು ಅವಳ ಪಾದಕ್ಕೆ ತಿಳಿಯುತ್ತಿತ್ತು. ಇಲ್ಲಿ ಮೆತ್ತಗೆ... ಇಲ್ಲೂ ಮೆತ್ತಗೆ... ಇಲ್ಲಿ ಗಟ್ಟಿ!

"ಸರ್, ಕಣ್ಣಿಗೆ ಕಾಣಲ್ಲ, ಕಾಲಿಗೆ ಕಾಣುತ್ತೆ. ನೀವೂ ಬೂಟು ಬಿಚ್ಚಿ."

ಅವಳು ಹೇಳಿದ ಧಾಟಿಗೆ ಅಷ್ಟು ದೊಡ್ಡ ಮನುಷ್ಯ ಬೂಟು ಬಿಚ್ಚಿಯೇಬಿಟ್ಟರು. ಅವಳು ಬಾಗಿ ಹುಲ್ಲು ಸರಿಸಿದಳು. ಅಡಿಯಲ್ಲಿ ವಾಕರ್ ಊರಿ ಊರಿ ಬಿದ್ದ ಪುಟ್ಟ ಕುಳಿಗಳು, ಒಂದೊಂದರಲ್ಲೂ ಮಳೆನೀರು. ಮುಂದೆ ಸರಿಸಿದಳು, ಅಲ್ಲೂ ಇದ್ದವು. ಇಳಿಜಾರು ಬರುವ ಮುಂಚೆ ಸಾಲು ಎಡಕ್ಕೆ ತಿರುಗಿ, ಹೊಳೆಯ ದಂಡೆಯವರೆಗೂ ಹೋಗಿತ್ತು.

"ಇದು ಯಾರ ಹೆಜ್ಜೆ?"

"ನನ್ನ ಕುದುರೇದು," ಎಂದ ಅಪ್ಪ ಹಿಂದಿನಿಂದ.

"ಹುಲ್ಲು ಎದ್ದಿದ್ದು ನಡೆಯೋರು ಇಲ್ಲ ಅಂತಲ್ಲ ಸರ್," ಅವಳು ನೆಟ್ಟಗೆ ನಿಂತು ಹೇಳಿದಳು. "ಪೂರ್ತಿ ಕೇಳ್ದೆ ಸಿಟ್ಟು ಮಾಡ್ಕೊಂಡು ನಾನು ನಡೆಯೋದು ಬಿಟ್ಟಿದ್ದೆ. ತಪ್ಪು ನನ್ನದು. ನಿಮ್ಮ ಹುಲ್ಲು ಸಾಹೇಬರದ್ದಲ್ಲ."

ಮುಖ್ಯ ಎಂಜಿನಿಯರ್ ಬರಿಗಾಲಲ್ಲೇ ದಂಡೆಯವರೆಗೆ ನಡೆದು ಬಂದರು. "ಕಲ್ಲು ಹಾಕಿ," ಎಂದರು.

ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡರು. "ಹಾಕೋದಾದ್ರೆ ಬೇಗ ಹಾಕಿ. ಮೊಣಕಾಲು ನೋವಲ್ಲಿ ಆ ಸುತ್ತು ಸುತ್ತೋಕಾಗ್ದೆ ನಾನೂ ಇನ್ನೂ ಹೊಳೆ ನೋಡಿಲ್ಲ..."

ಕಲ್ಲು ಹಾಸಿದ ಸಂಜೆ ಅಪ್ಪ ಎಲ್ಲರಿಗಿಂತ ಮುಂದೆ ಹೊರಟ. ಒರಟು ಕಲ್ಲು, ಈಜುಕೊಳದಂಥದ್ದೇ. ವಾಕರ್ ಒಂದಿಷ್ಟೂ ಜಾರಲಿಲ್ಲ. ಅವಳು ನಿಧಾನವಾಗಿ ನಡೆಯುತ್ತಾ ಹುಬ್ಬು ಗಂಟಿಕ್ಕಿದಳು.

"ಅಪ್ಪನ ವಾಕರ್‌ಗೆ ಇಷ್ಟಗಲ ಯಾಕೆ?"

"ಪಕ್ಕದಲ್ಲಿ ನೀವಿರ್ತೀರಲ್ಲ."

"ನನ್ನ ಸೇರಿಸಿದ್ರೂ ಜಾಗ ಮಿಕ್ಕಿದೆ. ಅಳತೆ ತಪ್ಪಿದ್ರಾ?"

ಅವನು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಕಿವಿ ಕೆಂಪಾಗಿತ್ತು.

"ತಪ್ಪಿಲ್ಲ... ಇನ್ನೊಬ್ಬರಿಗೆ ಅಂತ ಇಟ್ಟಿದೀನಿ. ಮೊದಮೊದಲು ಹೆಜ್ಜೆ ನೋಡೋಕೇ ಬರ್ತಿದ್ದೆ. ಆಮೇಲೆ... ಹೆಜ್ಜೆ ಇಡೋರನ್ನ ನೋಡೋಕೆ. ನೀವು ಬರದೇ ಇದ್ದಾಗ ನನಗೆ ಹುಲ್ಲಿನ ಚಿಂತೆ ಆಗ್ಲಿಲ್ಲ. ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಅಂತ ಗೊತ್ತಾಯ್ತು. ಆ ಇನ್ನೊಬ್ಬ ಯಾರು ಅನ್ನೋದನ್ನ ಮಾತ್ರ ನೀವೇ ಹೇಳ್ಬೇಕು."

ಅವಳ ಎದೆ ಮತ್ತೆ ಧಸಕ್ಕೆಂದಿತು. ಅಂದು ಕಣ್ಣನ್ನು ಗದರಿದಂತೆ ಈ ಸಲ ಅವಳು ಅದನ್ನು ಗದರಲಿಲ್ಲ. ಮಿಕ್ಕಿದ್ದ ಆ ಜಾಗಕ್ಕೆ ಅವನನ್ನು ತೋಳು ಹಿಡಿದು ಎಳೆದುಕೊಂಡಳು.

"ಏನು, ಬರ್ತೀರೋ ಅಥವಾ ನಾನೂ ಕುದುರೆನೂ ಹೋಗೋದೋ?" ಮುಂದಿನಿಂದ ಅಪ್ಪ ಕೂಗಿದ, ತಿರುಗಿ ನೋಡದೆ. ತಿರುಗಿ ನೋಡಬಾರದ ಹೊತ್ತು ಯಾವುದೆಂದು ಹಳೆಯ ಲಾಂಚ್ ಡ್ರೈವರಿಗೆ ಗೊತ್ತಿತ್ತು.

"ಬಂದ್ವಿ ಅಪ್ಪಾ!" ಎಂದವಳು, ಅವನ ಕಡೆ ತಿರುಗಿ ಮೊದಲ ಬಾರಿಗೆ ಏಕವಚನದಲ್ಲಿ ಕೇಳಿದಳು.

"ನಾಳೆನೂ ಇದೇ ದಾರೀಲಿ ಬರ್ತೀಯಾ?"

"ದಿನಾ ಬರ್ತೀನಿ," ಎಂದ ಅವನು. "ನೀನು ಸಿಟ್ಟು ಮಾಡ್ಕೊಂಡ ದಿನಾನೂ."