ಅಯ್ಯನವರು ಹಿಡಿಯದ ವ್ರತ

ಹದಿನೈದು ದಿನ ಆ ಮನೆಯ ಒಲೆಯ ಹತ್ತಿರ ಮೆಣಸಿನಕಾಯಿ ಸುಳಿಯಲಿಲ್ಲ. ಬದನೆಕಾಯಿ ಸಪ್ಪೆ, ಬೇಳೆ ಸಪ್ಪೆ, ಶೇಂಗಾ ಹಿಂಡಿಯೂ ಸಪ್ಪೆ. ಮರಾಠಿ ಸೀಮೆಯ ಉಮರ್ಗಾದ ಹೆಂಗಸೊಬ್ಬಳು ಖಾರವಿಲ್ಲದೆ ಅಡುಗೆ ಮಾಡುತ್ತಾಳೆಂದರೆ ಅದು ಗಂಡನ ಮೇಲಿನ ಪ್ರೀತಿಗಲ್ಲದೆ ಇನ್ಯಾವುದಕ್ಕೂ ಇರಲಾರದು.

ಎದೆಯುರಿ, ಹುಳಿತೇಗು ಎಂದು ರೇಣುಕಾಪ್ರಸಾದ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಬಂದಿದ್ದ. ರಕ್ತ ತಪಾಸಣೆಯ ಕಾಗದವನ್ನು ಜೇಬಿನಿಂದ ಹೊರಗೆ ತೆಗೆಯದೆಯೇ ಹೆಂಡತಿಗೆ ವರದಿ ಒಪ್ಪಿಸಿದ್ದ.

"ಕೊಲೆಸ್ಟರಾಲ್ ಜರಾ ಹೆಚ್ಚ ಆಗ್ಯದಂತ. ಲೋ ಖಾರ ಊಟ ಮಾಡ್ರಿ ಅಂದಾರ."

ಸಾರಿಕಾ ಅಂದೇ ಖಾರದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಆದರೆ ಉರಿ ಇಳಿಯಲಿಲ್ಲ. ಹದಿನಾರನೆಯ ದಿನ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, ಕೊರಳಲ್ಲಿ ಅಳತೆಯ ಟೇಪು ಇದ್ದ ಹಾಗೆಯೇ, ಅವನನ್ನು ಎಬ್ಬಿಸಿಕೊಂಡು ಎಲ್ಲರೂ ಡಾಕ್ಟರ್ ಬಾಯಿ ಎನ್ನುವ ಆ ಹೆಣ್ಣು ಡಾಕ್ಟರ ಮುಂದೆ ಕೂತಳು. ಖಾರ ಬಿಟ್ಟ ಕಥೆ ಕೇಳಿ ಡಾಕ್ಟರ್ ಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅಹೋ ವಹಿನಿ, ಖಾರ ನಾಹೀ, ಕಾರ್ಬ್! ಭಾತ, ಪೋಳಿ, ಗೂಳ, ಸಾಖರ!"

ಕಡಿಮೆ ಮಾಡಬೇಕಾದದ್ದು ಅನ್ನ, ಚಪಾತಿ, ಬೆಲ್ಲ, ಸಕ್ಕರೆ. ಸಾರಿಕಾ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಕೊಲೆಸ್ಟರಾಲ್ ಇನ್ನೂರ ಅರವತ್ತೆಂಟು. ಟ್ರೈಗ್ಲಿಸರೈಡ್ ನಾನೂರು ದಾಟಿತ್ತು. ಇಸಿಜಿ ಚೆನ್ನಾಗಿದೆ, ಎದೆಯುರಿ ಹೊಟ್ಟೆಯ ಆಮ್ಲದ್ದು, ಆದರೆ ಹೀಗೇ ಬಿಟ್ಟರೆ ನಾಳೆ ಹೃದಯಕ್ಕೂ ಬರುತ್ತದೆ ಎಂದರು ಡಾಕ್ಟರ್ ಬಾಯಿ. ಮಾತ್ರೆ ತಪ್ಪಿಸಬಾರದು, ಊಟಕ್ಕೆ ಒಂದೇ ರೊಟ್ಟಿ, ತಾಟು ತುಂಬ ಪಲ್ಯ, ಕಾಳು, ಮೊಸರು. ಸಿಹಿ ಬಂದ್. ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಉಂಡು ನಡೆಯಬೇಕು. ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ.

ಹೃದಯ ಎಂಬ ಮಾತು ಕೇಳಿದ್ದೇ ಸಾರಿಕಾಳಿಗೆ ಮಾವ ನೆನಪಾದರು. ಮಾವ ಪ್ರಭುಲಿಂಗಯ್ಯನವರು ಒಂದು ಮಧ್ಯಾಹ್ನ ಪಾದಪೂಜೆಯ ಊಟ ಮುಗಿಸಿ ಬಂದು, "ಗ್ಯಾಸ್ ಆಗ್ಯದ, ಜರಾ ಸೋಡಾ ಕೊಡವ್ವ" ಎಂದು ಹೊರಸಿನ ಮೇಲೆ ಕೂತಿದ್ದರು. ಸೋಡಾ ತಂದಾಗ ಕುಡಿಯಲು ಅವರು ಇರಲಿಲ್ಲ. ಆಗ ಅವರಿಗೆ ಐವತ್ತೊಂದು. ಮಗನಿಗೆ ಈಗ ನಲವತ್ತನಾಲ್ಕು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡಾಗಲೆಲ್ಲ ಇದು ಆಮ್ಲವೋ ಅದೋ ಎಂದು ಅವಳ ಜೀವ ಬಾಯಿಗೆ ಬರುತ್ತಿತ್ತು. ಈ ಭಯವನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ.

ಮನೆಯ ಊಟ ಅವಳ ಕೈಯಲ್ಲೇ ಇತ್ತು. ಮೊದಲ ದಿನವೇ ಪುಂಡಿಪಲ್ಯ, ಹೆಸರುಕಾಳಿನ ಉಸಳಿ, ಮೆಂತ್ಯದ ಪಚಡಿ, ಗಟ್ಟಿ ಮೊಸರು, ಮೂಲೆಯಲ್ಲಿ ನಾಚಿಕೊಂಡು ಕೂತ ಒಂದೇ ಒಂದು ಜೋಳದ ರೊಟ್ಟಿ.

"ಇದು ತಾಟೋ, ಹೊಲಾನೋ?" ಎಂದ ರೇಣುಕಾಪ್ರಸಾದ.

"ಹೊಲಾನೇ. ಮೇಯ್ರಿ."

ಅವನು ಕಣ್ಣೆತ್ತಿ ನೋಡಿದ. ಮದುವೆಯಾಗಿ ಹದಿನಾರು ವರ್ಷವಾದರೂ ಆ ನೋಟಕ್ಕೆ ಸೆರಗು ಸರಿಮಾಡಿಕೊಳ್ಳಬೇಕೆನಿಸುತ್ತಿತ್ತು ಅವಳಿಗೆ. ರೆಪ್ಪೆ ಅರ್ಧ ಇಳಿಸಿ, ತುಟಿಯ ಒಂದೇ ಬದಿಯಲ್ಲಿ ನಗುವ ಆ ಕಳ್ಳ ನೋಟ.

"ಒಂದು ರೊಟ್ಟಿ ಮ್ಯಾಲ ಹಾಕು. ಯಾರೂ ನೋಡಂಗಿಲ್ಲ."

"ನಾ ನೋಡ್ಲಾಕತ್ತೀನಲ್ಲ."

"ನೀ ನನ್ನ ಮಾರಿ ನೋಡು, ತಾಟ ಯಾಕ ನೋಡ್ತಿ?"

ಅವಳು ಮುಖ ತಿರುಗಿಸಿ ನಕ್ಕಳು. ರೊಟ್ಟಿ ಮಾತ್ರ ಹಾಕಲಿಲ್ಲ.

ಫಜೀತಿ ಇದ್ದದ್ದು ಹೊರಗಿನ ಊಟದ್ದು. ರೇಣುಕಾಪ್ರಸಾದ ಜಂಗಮ ಮನೆತನದವನು. ಉಮರ್ಗಾ, ಗುಂಜೋಟಿಯ ಮೂವತ್ತು ಶಿಷ್ಯಮನೆಗಳಿಗೆ ಅಯ್ಯನವರು. ಪಾದ ತೊಳೆದು, ಪೂಜೆ ಮಾಡಿ, ಉಣ್ಣಿಸಿ ಕಳಿಸುವುದು ಆ ಮನೆಗಳ ಪುಣ್ಯ; ಉಣ್ಣುವುದು ಇವನ ಕಾಯಕ. ತಾಟಿಗೆ ಬಿದ್ದದ್ದು ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಇನ್ನು ಬಡಿಸುವವರಿಗೆ ಬೇಡ ಎನ್ನುವ ವಿದ್ಯೆ ಇವನಿಗೆ ಹುಟ್ಟಿನಿಂದಲೇ ಬಂದಿಲ್ಲ. ಅವಳ ತವರೂರು ಔರಾದ ಶಹಾಜನಿಗೆ ಹೆಣ್ಣು ನೋಡಲು ಬಂದ ದಿನ ಅವಳು ಗಾಬರಿಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಳು. ಬಂದವರೆಲ್ಲ ನೀರು ಕುಡಿಯುತ್ತ ಕೂತರೆ ಇವನೊಬ್ಬ ತಾಟು ಬರಿದು ಮಾಡಿ, "ಇನ್ನೂ ಇದ್ರ ಹಾಕ್ರಿ" ಎಂದಿದ್ದ. ಬಾಗಿಲ ಹಿಂದೆ ನಿಂತಿದ್ದ ಅವಳು ಆ ಕ್ಷಣವೇ ಸೋತಿದ್ದಳು. ಅಂಥವನಿಗೆ ಈಗ ಬೇಡ ಎನ್ನಿ ಎಂದು ಯಾವ ಬಾಯಿಂದ ಹೇಳಬೇಕು?

ಅಷ್ಟರಲ್ಲಿ ಶ್ರಾವಣ ಬಂತು. ಸೋಮವಾರಕ್ಕೆ ನಾಲ್ಕು ಮನೆ; ಒಂದರಲ್ಲಿ ಹುಗ್ಗಿ, ಒಂದರಲ್ಲಿ ಹೋಳಿಗೆ, ಎಲ್ಲ ಕಡೆ ಅನ್ನ, ತುಪ್ಪ.

ಶ್ರಾವಣದಲ್ಲೇ ಕುಪ್ಪಸದ ಆರ್ಡರುಗಳೂ ಹೆಚ್ಚು. ಗುಂಜೋಟಿಯ ಮಲಕಮ್ಮ ಅಳತೆ ಕೊಡಲು ಬಂದವಳು ಕೈ ಅಗಲಿಸಿ ನಿಂತುಕೊಂಡೇ ಕೇಳಿದಳು, "ಅಮ್ಮನೋರ, ಸೋಮಾರ ಅಯ್ಯನೋರಿಗಿ ಹುಗ್ಗಿ ಮಾಡ್ಲೋ, ಹೋಳಿಗಿ ಮಾಡ್ಲೋ?"

ಸಾರಿಕಾಳ ಟೇಪು ಅಲ್ಲೇ ನಿಂತಿತು. ಕಾಯಿಲೆ ಎಂದು ಹೇಳಿದರೆ ಊರೆಲ್ಲ ಸುದ್ದಿ. ಅವನ ಮರ್ಯಾದೆಯ ಪ್ರಶ್ನೆ.

"ಎರಡೂ ಬ್ಯಾಡ್ರಿ. ಅವ್ರು ವ್ರತ ಹಿಡದಾರ," ಎಂದುಬಿಟ್ಟಳು.

"ಹೌದೇನ್ರಿ! ಎಂಥಾ ವ್ರತ?"

"ಅಕ್ಕಿ, ಗೋಧಿ, ಬೆಲ್ಲ, ಸಕ್ಕರಿ ಮುಟ್ಟಂಗಿಲ್ಲ. ಪಲ್ಯ, ಕಾಳು, ಮೊಸರು ನಡೀತದ. ಒಂದೇ ರೊಟ್ಟಿ."

"ಅಬ್ಬಾ. ಯಾರ ಸಲುವಾಗಿರಿ?"

ಇದನ್ನು ಸಾರಿಕಾ ಯೋಚಿಸಿರಲಿಲ್ಲ. ಶಿಷ್ಯರ ಸಲುವಾಗಿ ಎಂದರೆ ಅವರ ಹೆಸರಿನಲ್ಲಿ ಸುಳ್ಳು, ಮಳೆಯ ಸಲುವಾಗಿ ಎಂದರೆ ದೇವರ ಹೆಸರಿನಲ್ಲಿ. ನಾಲಿಗೆ ತಾನೇ ಹೊರಳಿತು.

"ನನ್ನ ಸಲುವಾಗಿ."

ಮಲಕಮ್ಮನ ಅಗಲಿಸಿದ ಕೈ ಕೆಳಗಿಳಿಯಿತು. ಗಂಡನ ಸಲುವಾಗಿ ಸೋಮವಾರ, ಶುಕ್ರವಾರ, ಹುಣ್ಣಿಮೆ ಎಂದು ಹೊಟ್ಟೆ ಕಟ್ಟಿಕೊಂಡು ಬಂದ ಆಕೆಗೆ ಹೆಂಡತಿಯ ಸಲುವಾಗಿ ವ್ರತ ಹಿಡಿದ ಗಂಡನ ಸುದ್ದಿ ಹೊಸದು. ಕಣ್ಣಲ್ಲಿ ನೀರೇ ಬಂತು.

"ಅವ್ರ ಮುಂದ ಮಾತ್ರ ತಗೀಬ್ಯಾಡ್ರಿ," ಎಂದಳು ಸಾರಿಕಾ ಅವಸರದಲ್ಲಿ. "ಆಡಿದ್ರ ಫಲ ಹೋಗ್ತದ."

ಮೂರು ದಿನದಲ್ಲಿ ಮೂವತ್ತು ಮನೆಯ ಹೆಂಗಸರಿಗೂ ವ್ರತ ಗೊತ್ತಾಯಿತು. ಗೊತ್ತಿಲ್ಲದವನು ವ್ರತ ಹಿಡಿದವನೊಬ್ಬನೇ.

ಮೊದಲ ಸೋಮವಾರ ಮನೆಗೆ ಬಂದವನು, "ನಾಲ್ಕೂ ಮನ್ಯಾಗ ಹುಗ್ಗಿ ಇಲ್ಲ, ಹೋಳಿಗಿ ಇಲ್ಲ. ಏನ್ ಆಗ್ಯದ ಈ ಮಂದಿಗಿ?" ಎಂದ.

"ಬೇಶ ಆಯ್ತಲ್ಲ. ಎದಿ ಉರೀಲಾಕತ್ತದೇನು?"

"ಇಲ್ಲ," ಎಂದು ಅವನೇ ಆಶ್ಚರ್ಯಪಟ್ಟ.

ಎರಡನೆಯ ಸೋಮವಾರ ಬಂದವನ ಮುಖದಲ್ಲಿ ಕಳೆ ಇರಲಿಲ್ಲ. ತಾನು ಒಳಗೆ ಕಾಲಿಟ್ಟ ಕೂಡಲೇ ಹೆಂಗಸರು ಪಿಸುಗುಟ್ಟಿ ಸುಮ್ಮನಾಗುತ್ತಾರೆ, ಪಲ್ಯ ಬಡಿಸಿ ಕೈ ತೊಳೆದುಕೊಳ್ಳುತ್ತಾರೆ ಎಂದ. ಮೂರನೆಯ ಸೋಮವಾರ ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದ:

"ಸಾರಿಕಾ, ಬರೋ ವರ್ಷಕ್ಕ ಈ ಮನಿಗೋಳು ಬಿಟ್ಟಬಿಡ್ತೀನಿ. ವಲಾಂಡ್ಯಾಗಿನ ನಮ್ಮ ಕಾಕಾನ ಮಗ ಮಾಡ್ಕೊಂಡು ಹೋಗ್ಲಿ. ಜಡ್ಡಿನ ಅಯ್ಯ ಮಂದಿಗಿ ಬ್ಯಾಡಾಗ್ಯಾನ."

ಅವಳಿಗೆ ಹೇಳಿಬಿಡಬೇಕೆನಿಸಿತು. ಬಾಯಿ ತೆರೆದಳು ಕೂಡ. ಆದರೆ ಹೇಳಿದರೆ ಆ ಕ್ಷಣವೇ ಅವನು ಮನೆಮನೆಗೆ ಹೋಗಿ ವ್ರತ ಸುಳ್ಳು ಎನ್ನುವವನು. ಮರುವಾರ ಮತ್ತೆ ಹುಗ್ಗಿ, ಮತ್ತೆ ಎದೆಯ ಮೇಲೆ ಕೈ. ಅವನ ಮನಸ್ಸು ಮುರಿಯುವುದೋ, ಜೀವಕ್ಕೆ ಕುತ್ತು ಬರುವುದೋ? ಅಡುಗೆಮನೆಗೆ ಹೋಗಿ ಸೌತೆಕಾಯಿ ಹೆಚ್ಚುತ್ತ ಅತ್ತಳು. ಸೌತೆಕಾಯಿ ಹೆಚ್ಚಿದ್ದಕ್ಕೆ ಕಣ್ಣೀರು ಬಂತು ಎಂದು ನೆಪ ಹೇಳುವಂತೆಯೂ ಇರಲಿಲ್ಲ.

ಕೊನೆಯ ಸೋಮವಾರ ಮಲಕಮ್ಮನ ಮನೆಯಲ್ಲಿ ದಂಪತಿ ಪೂಜೆ, ಸಾರಿಕಾಳೂ ಹೋಗಲೇಬೇಕಾಯಿತು. ಇಬ್ಬರೂ ಪಕ್ಕಪಕ್ಕದ ಮಣೆಯ ಮೇಲೆ ಕೂತು ಹಿತ್ತಾಳೆಯ ಪರಾತದಲ್ಲಿ ಪಾದ ಇಟ್ಟರು. ಮಲಕಮ್ಮನ ಗಂಡ ಭೀಮಶಾ ನೀರು ಹಾಕುತ್ತಿದ್ದವನು ತಂಬಿಗೆ ಕೆಳಗಿಟ್ಟ.

"ಅಯ್ಯನೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ವ್ರತ ಎಂದ ಮುಗೀತದ್ರಿ?"

"ಯಾವ ವ್ರತ?"

"ಅಯ್ಯ, ಸುಮ್ಮ ಇರ್ರಿ, ಫಲ ಹೋಗ್ತದ!" ಎಂದು ಒಳಗಿನಿಂದ ಮಲಕಮ್ಮ ಕೂಗಿದಳು.

"ಹೋದ್ರ ಹೋಗ್ಲಿ, ಇಲ್ಲಿ ನನ್ನ ಜೀವಾನೇ ಹೋಗ್ಲಾಕತ್ತದ! ಅಯ್ಯನೋರು ಹೆಂಡ್ತಿ ಸಲುವಾಗಿ ಅನ್ನ, ಬೆಲ್ಲ ಬಿಟ್ಟು ವ್ರತ ಹಿಡದಾರ, ನೀವು ನನ್ನ ಸಲುವಾಗಿ ಒಂದು ತಂಬಾಕ ಬಿಡಂಗಿಲ್ಲ ಅಂತ ದಿನಾ ಇದೇ ಹಾಡು. ಇಡೀ ಓಣಿ ಗಂಡಸ್ರ ಹಣೇಬಾರ ಹಿಂಗೇ ಆಗ್ಯದ್ರಿ!"

ರೇಣುಕಾಪ್ರಸಾದ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಎದ್ದು ಓಡೋಣವೆಂದರೆ ಅವಳ ಕಾಲು ಪರಾತದಲ್ಲಿ ಸಿಕ್ಕಿತ್ತು. ಅವನ ಕಣ್ಣು ಅವಳ ಕೆಂಪಾದ ಕಿವಿಯ ಮೇಲೆ, ಆಮೇಲೆ ಮೂಗುತಿಯ ಮೇಲೆ, ಆಮೇಲೆ ಕಚ್ಚಿಕೊಂಡ ತುಟಿಯ ಮೇಲೆ ನಿಂತು ನಿಂತು ಹೋಯಿತು.

"ಅದು ಆಕಿಗೇ ಗೊತ್ತು," ಎಂದ ಭೀಮಶಾನಿಗೆ. "ಆಕೀನ ಕೇಳು."

ಅಷ್ಟೇ. ಊಟ ಮುಗಿಸಿ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಗುಂಜೋಟಿ ದಾಟಿ, ಎರಡೂ ಬದಿ ಸೋಯಾಬೀನ್ ಹಸುರಾಗಿದ್ದ ದಾರಿಯಲ್ಲಿ ಬೈಕು ನಿಲ್ಲಿಸಿದ.

"ಇಳಿ."

ಇಳಿದಳು.

"ಎಷ್ಟು ಮನ್ಯಾಗ ಹೇಳೀದಿ?"

"ಮಲಕಮ್ಮಗ ಒಬ್ಬಾಕಿಗೇ... ಮೂವತ್ತೂ ಮನಿಗಿ ಮುಟ್ಟ್ಯದ" ಎಂದಳು ನೆಲ ನೋಡುತ್ತ. ಆಮೇಲೆ ಕಟ್ಟಿಟ್ಟದ್ದೆಲ್ಲ ಒಡೆಯಿತು. "ನಾ ಏನ್ ಮಾಡ್ಬೇಕಿತ್ರಿ? ನಿಮಗ ಬ್ಯಾಡ ಅನ್ಲಾಕ ಬರಂಗಿಲ್ಲ. ಮಾವನೋರೂ ಗ್ಯಾಸ್ ಅಂತಾನೇ ಅಂದಿದ್ರು. ಸೋಡಾ ಗ್ಲಾಸ್ ಹಿಡ್ಕೊಂಡು ನಿಂತಾಕಿ ನಾನೇ ಇದ್ದೆ. ನೀವು ಎದಿ ಹಿಡ್ಕೊಂಡ್ರ ನನಗ ಆ ಗ್ಲಾಸೇ ಕಾಣ್ತದ. ನೀವು ಬೇಕು ನನಗ. ಮಂದಿ ಏನರ ಅನ್ಲಿ, ನೀವು ಸಿಟ್ಟರ ಮಾಡ್ರಿ, ನೀವು ಬೇಕು."

ಹದಿನಾರು ವರ್ಷದಲ್ಲಿ ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಅವನು ಹೆಗಲ ಮೇಲಿನ ಶಲ್ಯದ ತುದಿಯಿಂದ ಅವಳ ಕೆನ್ನೆ ಒರೆಸಿದ. ದಾರಿಯಲ್ಲಿ ಟೆಂಪೊ ಬಂದದ್ದನ್ನೂ ಲಕ್ಷಿಸಲಿಲ್ಲ.

"ಮೂರು ವಾರ ಮಂದಿಗಿ ನಾ ಬ್ಯಾಡಾಗೀನಿ ಅಂತ ಒಳಗೊಳಗ ಸತ್ತೀನಿ," ಎಂದ. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದ. "ಪಾಪ, ಭೀಮಶಾನ ತಂಬಾಕ!"

ಅವಳೂ ನಕ್ಕಳು, ಮೂಗು ಒರೆಸಿಕೊಳ್ಳುತ್ತ.

"ಸಿಟ್ಟ ಬಂದದೇನ್ರಿ?"

"ಬಂದದ. ಹಿಡೀಲಾರದ ವ್ರತಕ್ಕ ಪಾದ ತೊಳಸ್ಕೊಂಡೀನಿ ನಾ. ಪೂಜಿ ಮಾಡೋ ಮನುಷ್ಯ. ಅದೊಂದು ಸರಿ ಆಗ್ಲಿಲ್ಲ ಸಾರಿಕಾ." ಬೈಕು ಚಾಲೂ ಮಾಡಿ ಹಿಂದಿನ ಸೀಟು ತಟ್ಟಿದ. "ಕೂಡು. ರಿಪೋರ್ಟ್ ಬರ್ಲಿ, ನೋಡೋಣ."

ಭಾದ್ರಪದದ ಮೊದಲ ವಾರ ರಿಪೋರ್ಟ್ ಬಂತು. ಕೊಲೆಸ್ಟರಾಲ್ ನೂರ ತೊಂಬತ್ತಾರು. ಟ್ರೈಗ್ಲಿಸರೈಡ್ ನೂರ ಅರವತ್ತು. ಎದೆಯುರಿಯ ಮಾತೇ ತಿಂಗಳಿಂದ ಇಲ್ಲ. ಡಾಕ್ಟರ್ ಬಾಯಿ ಕಾಗದವನ್ನು ಎರಡು ಸಲ ನೋಡಿ, "ಏಕದಮ್ ಛಾನ್!" ಎಂದರು, ಮಾತ್ರೆ ನಡೆಯಲಿ, ಹಬ್ಬಕ್ಕೆ ಒಂದು ಹೋಳಿಗೆ ತಿಂದರೆ ತೊಂದರೆಯಿಲ್ಲ ಎಂದೂ ಹೇಳಿದರು. ಸಾರಿಕಾ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗಿಳಿದಂತಾಯಿತು. ಗೋಡೆಗೆ ತಲೆಯಾನಿಸಿ ಸುಮ್ಮನೆ ಕಣ್ಣು ಮುಚ್ಚಿದಳು. ಅವನು ಕುಡಿಯಲು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತ.

ಮನೆಗೆ ಬಂದವನೇ ಸ್ನಾನ ಮಾಡಿ, ವಿಭೂತಿ ಹಚ್ಚಿ ದೇವರ ಮುಂದೆ ಮಣೆ ಹಾಕಿಕೊಂಡ.

"ಸಾರಿಕಾ, ಒಂದು ತಂಬಿಗಿ ನೀರು ತಾ."

"ಈಗೇನ್ ಪೂಜಾ ತಗದ್ರಿ?"

"ವ್ರತ ಹಿಡೀಬೇಕು. ಒಂದು ವರ್ಷದ್ದು. ನೀ ಹೇಳಿದ್ದು ಸುಳ್ಳಾಗಿ ಉಳೀಬಾರದು."

"ಇನ್ನ್ಯಾಕ್ರಿ? ರಿಪೋರ್ಟ್ ಛಂದ ಬಂದದ. ಹೋಳಿಗಿ ತಿನ್ರಿ ಅಂತ ಡಾಕ್ಟರ್ ಬಾಯಿನೇ ಅಂದಾರ."

"ರಿಪೋರ್ಟಿನ ಸಲುವಾಗಿ ಅಲ್ಲ."

ಅಂಗೈಯಲ್ಲಿ ಅಕ್ಷತೆ ಹಿಡಿದು ಸಂಕಲ್ಪ ಶುರುಮಾಡಿದ. ಸಂವತ್ಸರ, ಮಾಸ, ತಿಥಿ, ಊರಿನ ಹೆಸರು. ಮಂತ್ರ ನೀರು ಹರಿದಂತೆ ಹರಿಯಿತು. ಯಾತಕ್ಕಾಗಿ ಎಂದು ಹೇಳುವ ಜಾಗ ಬಂದಾಗ ನಿಂತ. ಮೂವತ್ತು ಮನೆಗಳಿಗೆ ಬೇಕಾದ್ದನ್ನೆಲ್ಲ ದೇವರ ಹತ್ತಿರ ಸಂಸ್ಕೃತದಲ್ಲಿ ಕೇಳಿದವನಿಗೆ ಈಗ ಸಂಸ್ಕೃತ ಸಾಲಲಿಲ್ಲ. ಕಣ್ಣು ಮುಚ್ಚಿಕೊಂಡು ಮನೆಯ ಮಾತಿನಲ್ಲೇ ಹೇಳಿದ:

"ನನ್ನ ಹೆಂಡ್ತಿ ಸಾರಿಕಾ ಇನ್ನ ಮ್ಯಾಲ ನನ್ನ ಸಲುವಾಗಿ ಅಂಜಬಾರದು."

ಕಣ್ಣು ತೆರೆಯದೆ ಅಂಗೈ ಮುಂದೆ ಮಾಡಿದ.

"ನೀರು ಬಿಡು."

ಸಾರಿಕಾಳಿಗೆ ಮೊದಲು ಅಳು ಬಂತು, ಅದರ ಹಿಂದೆಯೇ ನಗು. ವರ್ಷಗಳಿಂದ ಎದೆಯಲ್ಲಿ ಗಟ್ಟಿಯಾಗಿ ಕೂತಿದ್ದ ಅಂಜಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎರಡೂ ಕೈಯಿಂದ ತಂಬಿಗೆ ಹಿಡಿದು ಅವನ ಅಂಗೈಗೆ ನೀರು ಬಿಟ್ಟಳು.