ಅವ್ವನ ಬಲಗೈ ವಾಚು

“ಎಡಗೈ ಬ್ಯಾಡ,” ಎಂದು ಕಾಶವ್ವ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. “ಹೊಸಾ ಸಾಮಾನು ಬಲಗೈಗೇ ಕಟ್ಟಬೇಕು.”

“ಅವ್ವಾ, ವಾಚು ಎಲ್ಲಾರೂ ಎಡಗೈಗೇ ಕಟ್ಟತಾರ!” ಎಂದಳು ಸೌಮ್ಯಾ.

“ಎಲ್ಲಾರೂ ಕಟ್ಟಲಿ. ನೀ ಬಲಗೈ ಹಿಡಿ.”

ವಾಚಿಗೆ ಆಗಲೇ ಪೂಜೆ ಆಗಿತ್ತು. ಅದರ ಕಪ್ಪು ಗಾಜಿನ ಮೇಲೆ ಒಂದು ಅರಿಸಿನದ ಬೊಟ್ಟು, ಒಂದು ಕುಂಕುಮದ ಬೊಟ್ಟು. ಸೌಮ್ಯಾ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ಅವ್ವನ ಬಲಗೈಗೆ ಬೆಲ್ಟು ಬಿಗಿದಳು. ವಾದ ಮಾಡಿ ಕಾಶವ್ವನನ್ನು ಗೆದ್ದವರು ಇಡೀ ಧಾರಾವಿಯಲ್ಲೇ ಇರಲಿಲ್ಲ. ಐದನೇ ಕ್ಲಾಸಿನ ಸೌಮ್ಯಾ ಯಾವ ಲೆಕ್ಕ?

ಇದು ಬರೀ ಟೈಮ್ ತೋರಿಸುವ ವಾಚಲ್ಲ. ಇದರೊಳಗೆ ಅವ್ವನ ಹಳೆಯ ನಂಬರಿನ ಸಿಮ್ ಇತ್ತು. ಫೋನ್ ಜೊತೆಗಿಲ್ಲದಿದ್ದರೂ ಇದರಲ್ಲೇ ಮಾತಾಡಬಹುದಿತ್ತು.

ಅವ್ವನ ಫೋನ್ ಎಲ್ಲಿ ಹೋಯಿತು ಅಂತೀರಾ? ಎಸರಿಗೆ ಬಿತ್ತು! ಕಾಶವ್ವ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಬೆಳಗಾದರೆ ಒಲೆಯ ಮೇಲೆ ಎಸರು ಕುದಿಯಬೇಕು. ಆ ಬಿಸಿನೀರಿನಲ್ಲಿ ಹಿಟ್ಟು ನಾದಬೇಕು, ಬಡಿಯಬೇಕು, ಬೇಯಿಸಬೇಕು. ರೊಟ್ಟಿಗಳು ಡಬ್ಬಿಗಳಲ್ಲಿ ಕುಳಿತು ಪರೇಲಿನ ಆಫೀಸುಗಳಿಗೆ ಹೋಗುತ್ತಿದ್ದವು. ಎರಡೂ ಕೈ ಹಿಟ್ಟಾಗಿರುವಾಗಲೇ ಗಿರಾಕಿಗಳ ಫೋನು ಬರುತ್ತಿತ್ತು. ಅವ್ವ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದಳು. ಒಂದು ದಿನ ಅದು ಜಾರಿ, ಕುದಿಯುವ ನೀರಿನಲ್ಲಿ ಮುಳುಗಿತು.

ಮೊಬೈಲ್ ರಿಪೇರಿ ಮಾಡುವ ಅಣವೀರಪ್ಪ ಕಾಕಾ ಅದನ್ನು ತಿರುಗಾ ಮುರುಗಾ ಮಾಡಿ ನೋಡಿದ. “ವೈನಿ, ಇದು ರಿಪೇರಿ ಆಗೂದಿಲ್ಲ. ಇದಕ್ಕೊಂದು ಒಗ್ಗರಣಿ ಕೊಡ್ರಿ,” ಎಂದು ನಕ್ಕ. ಆಮೇಲೆ ಅವನೇ ಈ ವಾಚು ತಂದುಕೊಟ್ಟ.

ಅವ್ವನಿಗೆ ಕಲಿಸುವ ಕೆಲಸ ಸೌಮ್ಯಾಳದು. ಅವಳು ಟೀಚರ್ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಫೋನ್ ಬಂದ್ರ ಹಸಿರು ಒತ್ತು. ಮುಗೀತಂದ್ರ ಕೆಂಪು ಒತ್ತು.”

“ಬೆರಳಿಗೆ ಹಿಟ್ಟು ಇದ್ರ?”

“ಮೂಗಿಲೆ ಒತ್ತು!”

ಕಾಶವ್ವ ನಿಜವಾಗಿಯೂ ಮೂಗಿನಿಂದ ಒತ್ತಿ ನೋಡಿದಳು. ಮೂಗಿನ ತುದಿಗೆ ಕುಂಕುಮ ಅಂಟಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇನ್ನೊಂದು ಐತಿ ಅವ್ವಾ. ನೀ ಎಲ್ಲೇರೆ ಬಿದ್ರ ಈ ವಾಚಿಗೆ ಗೊತ್ತಾಗತೈತಿ. ‘ಆರಾಮ್ ಅದೀರೇನು?’ ಅಂತ ಕೇಳತೈತಿ. ನೀ ಸುಮ್ಮನಿದ್ರ ತಾನ ಫೋನ್ ಹಚ್ಚಿ ಎಲ್ಲಾರನ್ನೂ ಕರೀತೈತಿ.”

“ನಾ ಯಾಕ ಬೀಳ್ಲಿ?” ಎಂದಳು ಕಾಶವ್ವ.

ಆದರೂ ಅಂಥ ಹೊತ್ತಿಗೆ ಫೋನ್ ಹೋಗಲು ಯಾರದಾದರೂ ನಂಬರ್ ಬೇಕಿತ್ತು. ಅಪ್ಪ ಶೆಟ್ಟೆಪ್ಪ ಎತ್ತರದ ಬಿಲ್ಡಿಂಗ್ ಕಟ್ಟುವ ಕೆಲಸದವನು. ಅವನು ಮೇಲೆ, ಅವನ ಫೋನ್ ಕೆಳಗೆ ಚೀಲದಲ್ಲಿ. ಕಾಕಾನ ಫೋನ್ ಯಾವಾಗಲೂ ಬಿಜಿ. ಸೌಮ್ಯಾ ಯೋಚಿಸಿ, ಯಾರನ್ನೂ ಕೇಳದೆ, ತನ್ನ ಕ್ಲಾಸಿನ ನೀಲಾವತಿ ಟೀಚರ್ ನಂಬರ್ ಹಾಕಿಬಿಟ್ಟಳು. ಟೀಚರಿಗೆ ಗೊತ್ತಾದರೆ ತನಗೂ ಗೊತ್ತಾಗುತ್ತದಲ್ಲ!

ಮರುದಿನ ಶಾಲೆಯಲ್ಲಿ ಸೌಮ್ಯಾಳ ಕಾಲು ನೆಲದ ಮೇಲೆ ಇರಲಿಲ್ಲ.

“ನಮ್ಮವ್ವ ಈಗ ಫೋನ್ ಮುಟ್ಟೂದೇ ಇಲ್ಲ. ವಾಚ್‌ನಾಗೇ ಮಾತಾಡ್ತಾಳ.”

“ಝೂಟ್!” ಎಂದ ಹಿಂದಿನ ಬೆಂಚಿನ ಪ್ರೀತಮ್. “ಅಂಥಾ ವಾಚು ನಮ್ಮ ಬಿಲ್ಡಿಂಗ್ ಸೆಕ್ರೆಟರಿ ಹತ್ರಾನೂ ಇಲ್ಲ. ನಿಮ್ಮ ಮಮ್ಮಿ ಏನ್ ಕೆಲಸಾ ಮಾಡ್ತಾಳ?”

ರೊಟ್ಟಿ ಬಡಿಯುತ್ತಾಳೆ ಅಂದರೆ ಇವನು ನಕ್ಕೇ ನಗುತ್ತಾನೆ ಎನ್ನಿಸಿತು ಸೌಮ್ಯಾಗೆ. “ಪರೇಲಿನ ಆಫೀಸಿನವ್ರ ಕೆಲಸ,” ಎಂದಳು.

“ಮ್ಯಾನೇಜರಾ?”

ಸೌಮ್ಯಾ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಜಡೆ ಮುಂದಕ್ಕೆ ಎಳೆದುಕೊಂಡು ರಿಬ್ಬನ್ ಸರಿ ಮಾಡಿಕೊಂಡಳು, ಅಷ್ಟೆ. ಸುಳ್ಳು ಬಾಗಿಲಿಗೆ ಬಂದು ನಿಂತಾಗ ಅವಳು ‘ಬಾ’ ಎಂದು ಕರೆಯಲಿಲ್ಲ, ‘ಹೋಗು’ ಎಂದೂ ಹೇಳಲಿಲ್ಲ. ಅದು ತಾನೇ ಒಳಗೆ ಬಂದು ಕುಳಿತಿತು. ರಿಸೆಸ್ ಮುಗಿಯುವಷ್ಟರಲ್ಲಿ ಸೌಮ್ಯಾಳ ಅವ್ವ ಮ್ಯಾನೇಜರ್ ಎಂದು ಇಡೀ ಕ್ಲಾಸಿಗೆ ಗೊತ್ತಾಗಿತ್ತು.

ಅದರ ಮರುದಿನ ಅವ್ವನಿಗೆ ದೊಡ್ಡ ಆರ್ಡರ್ ಇತ್ತು. ಒಂದು ಆಫೀಸಿನಲ್ಲಿ ಯಾರದೋ ಪಾರ್ಟಿಯಂತೆ. ಸೌಮ್ಯಾ ಶಾಲೆಗೆ ಹೊರಟಾಗ ಹಿಟ್ಟಿನ ಗುಡ್ಡೆಯ ಹಿಂದೆ ಅವ್ವನ ಮುಖವೇ ಕಾಣುತ್ತಿರಲಿಲ್ಲ.

ಗಣಿತದ ಕ್ಲಾಸು ನಡೆದಿತ್ತು. ಟೇಬಲ್ ಮೇಲಿದ್ದ ಟೀಚರ್ ಫೋನ್ ಗುರ್ರ್ ಎಂದಿತು. ಕ್ಲಾಸಿನಲ್ಲಿ ಫೋನ್ ಎತ್ತುವ ಅಭ್ಯಾಸ ಟೀಚರಿಗೆ ಇರಲಿಲ್ಲ. ಫೋನ್ ನಿಂತಿತು. ಮತ್ತೆ ಗುರ್ರ್ ಎಂದಿತು. ಟೀಚರ್ ಬಗ್ಗಿ ನೋಡಿದರು. ಮಕ್ಕಳ ಮನೆಯ ನಂಬರುಗಳೆಲ್ಲ ಅದರಲ್ಲಿದ್ದವು; ಕರೆದವರ ಹೆಸರು ಮೂಡಿತ್ತು. ಅವರ ಹುಬ್ಬು ಮೇಲೇರಿತು.

“ಸೌಮ್ಯಾ, ನಿಮ್ಮ ತಾಯಿ ಹೆಸರು ಕಾಶವ್ವ ಹೌದಲ್ಲೋ?”

“ಹೌದ್ರಿ ಟೀಚರ್.”

ಟೀಚರ್ ಫೋನ್ ಎತ್ತಿ ಸ್ಪೀಕರ್ ಒತ್ತಿದರು. ಮಿಷಿನ್ನಿನ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಹೇಳಿತು: “ಈ ವಾಚು ಕಟ್ಟಿಕೊಂಡವರು ಬಿದ್ದಿದ್ದಾರೆ. ದಯವಿಟ್ಟು ಸಹಾಯ ಮಾಡಿ.”

ಸೌಮ್ಯಾಳ ಕೈಯಲ್ಲಿದ್ದ ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ಮನೆಯಲ್ಲಿ ಅವ್ವ ಒಬ್ಬಳೇ. ಒಲೆ ಉರಿಯುತ್ತಿದೆ. ಎಸರು ಕುದಿಯುತ್ತಿದೆ.

ಮಿಷಿನ್ನಿನ ದನಿ ನಿಂತಿತು. ಆಮೇಲೆ ಫೋನಿನಿಂದ ಬೇರೆ ಸದ್ದು ಬರತೊಡಗಿತು.

ಧಪ್. ಧಪ್. ಧಪ್.

“ಹಲೋ? ಕಾಶವ್ವಾರ? ಹಲೋ!” ಎಂದರು ಟೀಚರ್. ಉತ್ತರ ಇಲ್ಲ. ಧಪ್ ಧಪ್ ಮಾತ್ರ.

“ಟೀಚರ್, ಯಾರೋ ಹೊಡ್ಯಾಕತ್ತಾರ!” ಪ್ರೀತಮ್ ಬೆಂಚಿನ ಮೇಲೆ ಎದ್ದು ನಿಂತ. “ಪೊಲೀಸ್ ಕೋ ಬುಲಾವೋ!”

ಎರಡು ಹುಡುಗಿಯರು ಅಳಲು ಶುರು ಮಾಡಿದರು. ಟೀಚರ್ ಪೊಲೀಸರಿಗೆ ಫೋನ್ ಮಾಡಲು ಪಕ್ಕದ ಕ್ಲಾಸಿನ ಸರ್ ಅವರನ್ನು ಕೂಗಿ ಕರೆದರು.

ಸೌಮ್ಯಾ ಮಾತ್ರ ಕಿವಿಗೊಟ್ಟು ನಿಂತಿದ್ದಳು. ಧಪ್ ಧಪ್ ಧಪ್. ಆಮೇಲೆ ಸರ್ರ್ ಎಂದು ಏನೋ ತಿರುಗಿದ ಸದ್ದು. ಮತ್ತೆ ಧಪ್ ಧಪ್ ಧಪ್. ನಡುವೆ ಬಳೆಗಳ ಕಿಣಿಕಿಣಿ. ಅವಳು ದಿನಾ ಬೆಳಿಗ್ಗೆ ಏಳುತ್ತಿದ್ದದ್ದೇ ಈ ಸದ್ದಿಗೆ. ಅವ್ವ ಬಿದ್ದಿಲ್ಲ! ವಾಚು ಕೇಳಿದ್ದು ಈ ಬಡಿತದಲ್ಲಿ ಅವಳಿಗೆ ಕೇಳಿಸಿಲ್ಲ, ಅಷ್ಟೆ.

ಆದರೆ ಅದನ್ನು ಹೇಳಬೇಕಲ್ಲ. ಹೇಳಿದರೆ ಮ್ಯಾನೇಜರ್ ಕತೆ ಮುಗಿದ ಹಾಗೆಯೇ. ಪ್ರೀತಮ್ ಬಾಯಿ ತೆರೆದು ನಿಂತಿದ್ದ. ಇಡೀ ಕ್ಲಾಸು ಅವಳನ್ನೇ ನೋಡುತ್ತಿತ್ತು.

ಪಕ್ಕದ ಕ್ಲಾಸಿನ ಸರ್ ಬಾಗಿಲಿಗೆ ಬಂದರು, ಫೋನ್ ಕೈಯಲ್ಲೇ ಇತ್ತು.

“ಬ್ಯಾಡ್ರಿ ಟೀಚರ್!” ಸೌಮ್ಯಾಳ ದನಿ ಅವಳಿಗೇ ಜೋರಾಗಿ ಕೇಳಿಸಿತು. “ಯಾರೂ ಹೊಡ್ಯಾಕತ್ತಿಲ್ರಿ. ನಮ್ಮವ್ವ ರೊಟ್ಟಿ ಬಡ್ಯಾಕತ್ತಾಳ! ಅಕಿ ದಿನಾ ಬಡೀತಾಳ. ಪರೇಲಿನ ಆಫೀಸಿನವ್ರು ಅಕಿ ಬಡಿದ ರೊಟ್ಟಿನೇ ತಿಂತಾರ.”

ಸೌಮ್ಯಾ ಓಡಿ ಹೋಗಿ ಫೋನಿಗೆ ಬಾಯಿ ಹಚ್ಚಿ ಕೂಗಿದಳು. “ಅವ್ವಾ! ಏ ಅವ್ವಾ!”

ಧಪ್ ಧಪ್ ನಿಂತಿತು.

“ಯಾರದು? ಸೌಮ್ಯಾ? ಎಲ್ಲಿ ಅದಿ ನೀ? ಶಾಲಿ ಬಿಟ್ಟು ಬಂದಿಯೇನು?”

“ವಾಚ್‌ನಾಗ ಅದೀನಿ ಅವ್ವಾ! ನೀ ಬಿದ್ದಿ ಅಂತ ವಾಚು ಟೀಚರಿಗೆ ಫೋನ್ ಮಾಡೇತಿ!”

“ನಾ ಯಾಕ ಬೀಳ್ಲಿ? ನಾ ಬಿದ್ರ ಇಷ್ಟು ರೊಟ್ಟಿ ನಿಮ್ಮಜ್ಜ ಬಡೀತಾನೇನು? ಇಡು ಫೋನ್, ಹಂಚಿನ ಮ್ಯಾಲಿಂದು ಹೊತ್ತಾಕತ್ತೈತಿ!”

ಕ್ಲಾಸಿಗೆ ಕ್ಲಾಸೇ ಹೋ ಎಂದು ನಕ್ಕಿತು. ಬಾಗಿಲಲ್ಲಿದ್ದ ಸರ್ ಕೂಡ ನಗುತ್ತ ಹೊರಟುಹೋದರು. ಆದರೆ ನೀಲಾವತಿ ಟೀಚರ್ ಫೋನ್ ಆಫ್ ಮಾಡಲಿಲ್ಲ. ಧಪ್ ಧಪ್ ಮತ್ತೆ ಶುರುವಾಗಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು.

“ಧಾರವಾಡದಾಗ ನಮ್ಮವ್ವ ಹಿಂಗ ಬಡೀತಿದ್ಲು,” ಎಂದರು. “ನನಗ್ಯಾಕ ಗುರ್ತು ಸಿಗಲಿಲ್ಲ?”

ಆಮೇಲೆ ಅವರು ಸೌಮ್ಯಾಳ ಕಿವಿಯನ್ನು ಮೆಲ್ಲಗೆ ಹಿಡಿದರು. “ನನ್ನ ನಂಬರ್ ಹಾಕೂಕಿಂತ ಮೊದ್ಲ ನನ್ನ ಕೇಳಬೇಕಿತ್ತು. ಆದ್ರ ಇರಲಿ. ತಗೀಬ್ಯಾಡ.”

ಸೌಮ್ಯಾ ಬೆಂಚಿಗೆ ಮರಳಿದಳು. ಪ್ರೀತಮ್ ಅವಳ ಬೆನ್ನಿಗೆ ಸ್ಕೇಲಿನಿಂದ ತಿವಿದ.

“ಮ್ಯಾನೇಜರ್ ಅಂದಿದ್ದಿ?”

“ಅಂದಾಂವ ನೀನು,” ಎಂದಳು ಸೌಮ್ಯಾ. ಆಮೇಲೆ ಅವನ ಕಡೆ ತಿರುಗಿ, “ನಾ ಅಲ್ಲ ಅನ್ನಬೇಕಿತ್ತು,” ಎಂದಳು.

ಪ್ರೀತಮ್ ತನ್ನ ಅಂಗೈಯಿಂದ ಬೆಂಚನ್ನು ಒಮ್ಮೆ ಬಡಿದು ನೋಡಿದ. ಕೈ ಉರಿಯಿತೇನೋ, ಬಾಯಿಂದ ಊದಿಕೊಂಡ. “ಬಾಪ್ ರೇ! ಮನುಷ್ಯಾ ಬಿದ್ದಾನ ಅಂತ ವಾಚಿಗೆ ಅನ್ನಸ್ತಂದ್ರ ಎಷ್ಟು ಜೋರ ಬಡ್ದಿರಬೇಕು! ಯಾವ ಮ್ಯಾನೇಜರ್ ಕೈಲೆ ಆಗತೈತಿ?”

ಸೌಮ್ಯಾಗೆ ನಗು ತಡೆಯಲಾಗಲಿಲ್ಲ. ಆವತ್ತು ಮೊದಲ ಬಾರಿಗೆ ಅವಳಿಗೆ ಹೆಮ್ಮೆಯಾದದ್ದು ವಾಚಿನ ಬಗ್ಗೆ ಅಲ್ಲ.

ಸಂಜೆ ಕಾಶವ್ವ ಕೈ ಮುಂದೆ ಚಾಚಿದಳು. “ಬಿಚ್ಚವಾ ಇದನ್ನ. ಸುಮ್ಮಸುಮ್ಮನ ಮಂದೀನ ಅಂಜಸತೈತಿ.”

ಸೌಮ್ಯಾ ಬಿಚ್ಚಿದಳು. ಆದರೆ ತೆಗೆದಿಡಲಿಲ್ಲ. ತನ್ನ ಬಲಗೈಗೇ ಕಟ್ಟಿಕೊಂಡು ರೊಟ್ಟಿ ಮಣೆಯ ಮುಂದೆ ಕುಳಿತಳು. “ಒಂದು ಉಂಡಿ ಕೊಡವ್ವಾ.”

ಅವ್ವ ಹಿಟ್ಟಿನ ಉಂಡೆ ಕೊಟ್ಟಳು. ಸೌಮ್ಯಾ ಬಡಿದಳು. ವಾಚು ಸುಮ್ಮನಿತ್ತು. ಮೊಣಕಾಲ ಮೇಲೆ ಎದ್ದು ಇನ್ನೂ ಜೋರಾಗಿ ಬಡಿದಳು. ಅಂಗೈ ಕೆಂಪಾಯಿತು, ಉಸಿರು ಮೇಲೆ ಬಂತು, ರೊಟ್ಟಿ ಹರಿದು ಮೂರು ತುಂಡಾಯಿತು. ವಾಚು ಮಾತ್ರ ‘ಆರಾಮ್ ಅದೀರೇನು’ ಅಂತ ಕೂಡ ಕೇಳಲಿಲ್ಲ.

“ಏನ್ ಮಾಡಾಕತ್ತಿ ಹುಚ್ಚೀ?” ಎಂದು ಅವ್ವ ನಕ್ಕಳು.

ಸೌಮ್ಯಾ ಅವ್ವನ ಬಲಗೈಯನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡು ತೆರೆದು ನೋಡಿದಳು. ಅಗಲವಾದ ಅಂಗೈ, ಗಟ್ಟಿ ಚರ್ಮ, ಗೆರೆಗಳ ನಡುವೆ ಉಳಿದ ಬಿಳಿ ಹಿಟ್ಟು. ಅದರ ಮೇಲೆ ತನ್ನ ಅಂಗೈ ಇಟ್ಟಳು. ಅರ್ಧಕ್ಕೂ ಬರಲಿಲ್ಲ.

“ವಾಚು ಎಡಗೈಗೆ ಕಟ್ಟತೀನಿ ಅವ್ವಾ,” ಎಂದಳು. “ಈ ಕೈಗೆ ಅದು ತಾಳೂದಿಲ್ಲ.”

ಕಾಶವ್ವ ಮಗಳ ಮುಖವನ್ನೇ ನೋಡಿದಳು. ಬಲಗೈ, ಎಡಗೈ ಅಂತ ಈ ಸಲ ವಾದ ಮಾಡಲಿಲ್ಲ. ಸುಮ್ಮನೆ ಎಡಗೈ ಮುಂದೆ ಮಾಡಿದಳು.